ಚೀಟಿ ಎತ್ತಿ ಜೋಡಿ ಮಾಡುವ ಗಾಲ್ಫ್ ಟೂರ್ನಿ: ಡ್ರಾ ಹೇಗೆ, ಯಾವ ಆಟ, ಎಷ್ಟು ಹ್ಯಾಂಡಿಕ್ಯಾಪ್?

ಬೆಳಗಿನಮಂಜು

ನಮಸ್ಕಾರ. 16 ಜನ, ಐದು ಸುತ್ತು, ಪ್ರತಿ ಸುತ್ತಿಗೆ 18 ಹೋಲ್. ಗೆಳೆಯರ ಮಟ್ಟದ ಟೂರ್ನಿ, ಆದರೆ ಅಂಕಪಟ್ಟಿ ಇರುತ್ತೆ. ಪ್ರತಿ ಸುತ್ತಿಗೂ ಜೊತೆಗಾರ ಯಾರು ಅನ್ನೋದು ಚೀಟಿಯಲ್ಲಿ ಬರಬೇಕು, ಯಾರೂ ತಮಗೆ ಬೇಕಾದವರನ್ನು ಕಟ್ಟಿಕೊಂಡು ಬರುವ ಹಾಗಿಲ್ಲ. ಕೋರ್ಸ್ ಹ್ಯಾಂಡಿಕ್ಯಾಪ್ (ಆ ಕೋರ್ಸಿನಲ್ಲಿ ಒಬ್ಬರಿಗೆ ಸಿಗುವ ರಿಯಾಯಿತಿ ಹೊಡೆತಗಳು, ಅಂದರೆ ಸ್ಟ್ರೋಕ್; ಕಡಿಮೆ ಇದ್ದಷ್ಟೂ ಪಳಗಿದವರು) 4ರಿಂದ 36ರವರೆಗೂ ಇದೆ.

ಮೂರು ವಿಷಯಕ್ಕೆ ಸಲಹೆ ಬೇಕು. ಒಂದು, ಅದೇ ಜೋಡಿ ಮತ್ತೆ ಮತ್ತೆ ಬರದ ಹಾಗೆ ಡ್ರಾ ಮಾಡೋದು ಹೇಗೆ? ಎರಡು, 36ರ ಆಟಗಾರರು 4ರವರ ಜೊತೆಗೆ ಬಿದ್ದಾಗ ಇಬ್ಬರಿಗೂ ಆಟ ಹಿತವಾಗಿರಬೇಕು, ಅದಕ್ಕೆ ಯಾವ ಫಾರ್ಮ್ಯಾಟ್? ಮೂರು, ಯಾರಾದರೂ ಕೊನೇ ಗಳಿಗೆಯಲ್ಲಿ ಬರದೇ ಹೋದರೆ?

ಹಸಿರಂಚು

ಮೊದಲು ಡ್ರಾ. ಮೂರು ಬಗೆ ರೂಢಿಯಲ್ಲಿದೆ.

ಪೂರ್ತಿ ಚೀಟಿ: 16 ಹೆಸರು ಒಂದೇ ಡಬ್ಬಿಗೆ, ಎರಡೆರಡು ಎತ್ತೋದು. ಟೀ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) ಹತ್ತಿರ ಎಲ್ಲರ ಚೆಂಡನ್ನೂ ಒಟ್ಟಿಗೆ ಮೇಲಕ್ಕೆ ಎಸೆದು ಹತ್ತಿರ ಬಿದ್ದ ಎರಡನ್ನು ಜೋಡಿ ಮಾಡೋದೂ ಇದೇ ಬಗೆಯದು. ನಾಲ್ಕು ಜನಕ್ಕೆ ಅದು ಸಾಕು. ಹದಿನಾರು ಚೆಂಡು ಒಟ್ಟಿಗೆ ಬಿದ್ದರೆ ಯಾವುದು ಯಾವುದಕ್ಕೆ ಹತ್ತಿರ ಅನ್ನೋದೇ ಜಗಳವಾಗುತ್ತೆ.

ಎರಡು ಡಬ್ಬಿ: ಹ್ಯಾಂಡಿಕ್ಯಾಪ್ ಪ್ರಕಾರ ಸಾಲು ಮಾಡಿ, ಮೇಲಿನ ಎಂಟು ಹೆಸರು ಒಂದು ಡಬ್ಬಿಗೆ, ಕೆಳಗಿನ ಎಂಟು ಇನ್ನೊಂದಕ್ಕೆ. ಪ್ರತಿ ಡಬ್ಬಿಯಿಂದ ಒಂದೊಂದು. ಪ್ರತಿ ಜೋಡಿಗೂ ಒಬ್ಬ ಪಳಗಿದವರು ಸಿಕ್ಕೇ ಸಿಗುತ್ತಾರೆ.

ಎ-ಬಿ-ಸಿ-ಡಿ: ನಾಲ್ಕು ದರ್ಜೆ ಮಾಡಿ ಪ್ರತಿ ದರ್ಜೆಯಿಂದ ಒಬ್ಬೊಬ್ಬರನ್ನು ಎತ್ತಿ ನಾಲ್ಕು ಜನರ ಗುಂಪು ಕಟ್ಟೋದು.

36ರವರೂ 4ರವರೂ ಇರುವ ಕಡೆ ಎರಡು ಡಬ್ಬಿಯ ಪದ್ಧತಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪೂರ್ತಿ ಚೀಟಿಯಲ್ಲಿ ಇಬ್ಬರು ಹೊಸಬರೇ ಜೋಡಿಯಾಗಿಬಿಟ್ಟರೆ ಆ ಗುಂಪು ಹಿಂದೆ ಬೀಳುತ್ತೆ, ಹಿಂದಿನ ಎಲ್ಲರೂ ಕಾಯಬೇಕು.

ಲೆಕ್ಕದಪುಸ್ತಕ

ಹಸಿರಂಚು ಅವರೇ, ಎರಡು ಡಬ್ಬಿಯಲ್ಲಿ ಒಂದು ತೊಡಕಿದೆ. ಹೋದ ಸುತ್ತಿನ ಜೋಡಿಯೊಂದು ಈ ಸುತ್ತಿನಲ್ಲಿ ಮತ್ತೆ ಬರುವ ಸಾಧ್ಯತೆ ಎಷ್ಟು ನೋಡಿ. 16 ಜನರ ಪೂರ್ತಿ ಚೀಟಿಯಲ್ಲಿ ಕನಿಷ್ಠ ಒಂದಾದರೂ ಹಳೇ ಜೋಡಿ ಮರುಕಳಿಸೋದು ನೂರಕ್ಕೆ 41 ಸಲ. ಎರಡು ಡಬ್ಬಿ ಮಾಡಿದರೆ ಅದು 63ಕ್ಕೆ ಏರುತ್ತೆ, ಯಾಕೆಂದರೆ ಪ್ರತಿಯೊಬ್ಬರಿಗೂ 15 ಜನರ ಬದಲು ಎಂಟೇ ಜನ ಜೊತೆಗಾರರಾಗಲು ಸಾಧ್ಯ. ಇದು ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಅಷ್ಟೇ. ಐದು ಸುತ್ತು ಆಗುವಷ್ಟರಲ್ಲಿ ಯಾರೋ ಇಬ್ಬರು ಎರಡನೇ ಸಲ ಸೇರೋದು ಹೆಚ್ಚುಕಮ್ಮಿ ಖಾತ್ರಿ. ಆಗಲೇ "ಡ್ರಾ ಸರಿ ಮಾಡಿಲ್ಲ" ಅನ್ನೋ ಮಾತು ಬರೋದು. ಡ್ರಾ ಸರಿಯಾಗೇ ಇರುತ್ತೆ, ಚೀಟಿಯ ಸ್ವಭಾವವೇ ಹಾಗೆ.

16 ಜನ, ಐದು ಸುತ್ತು ಅಂದಿದ್ದೀರಿ. ಅದೃಷ್ಟಕ್ಕೆ ಇದು ಬಲು ಚೆಂದದ ಸಂಖ್ಯೆ. ನಾಲ್ವರ ಗುಂಪುಗಳಾಗಿ ಆಡಿದರೆ ಪ್ರತಿ ಸುತ್ತಿನಲ್ಲಿ ಒಬ್ಬರಿಗೆ ಮೂವರು ಸಿಗುತ್ತಾರೆ, ಐದು ಸುತ್ತಿಗೆ ಹದಿನೈದು. ಅಂದರೆ ಉಳಿದ ಹದಿನೈದೂ ಜನರ ಜೊತೆ ಸರಿಯಾಗಿ ಒಂದೊಂದು ಸಲ ಒಂದೇ ಗುಂಪಿನಲ್ಲಿ ಆಡುವ ಹಾಗೆ ಪಟ್ಟಿ ಹಾಕಬಹುದು. ಪಟ್ಟಿ ಇದು:

ಸುತ್ತು 1: 1-2-3-4 | 5-6-7-8 | 9-10-11-12 | 13-14-15-16
ಸುತ್ತು 2: 1-5-9-13 | 2-6-10-14 | 3-7-11-15 | 4-8-12-16
ಸುತ್ತು 3: 1-6-11-16 | 2-5-12-15 | 3-8-9-14 | 4-7-10-13
ಸುತ್ತು 4: 1-7-12-14 | 2-8-11-13 | 3-5-10-16 | 4-6-9-15
ಸುತ್ತು 5: 1-8-10-15 | 2-7-9-16 | 3-6-12-13 | 4-5-11-14

ಯಾವ ಇಬ್ಬರನ್ನು ಬೇಕಾದರೂ ತೆಗೆದು ನೋಡಿ, ಒಂದೇ ಒಂದು ಸುತ್ತಿನಲ್ಲಿ ಸೇರಿರುತ್ತಾರೆ. ಗುಂಪು ಹೀಗೆ ಮೊದಲೇ ಗೊತ್ತಿರಲಿ. ಗುಂಪಿನೊಳಗೆ ಜೊತೆಗಾರ ಯಾರು ಅನ್ನೋದನ್ನು ಮಾತ್ರ ಮೊದಲನೇ ಟೀಯಲ್ಲಿ ಎತ್ತಿ. ಇಬ್ಬರು ಒಂದೇ ಗುಂಪಿಗೆ ಎರಡನೇ ಸಲ ಬರೋದೇ ಇಲ್ಲವಾದ್ದರಿಂದ ಜೋಡಿ ಮರುಕಳಿಸುವ ಪ್ರಶ್ನೆಯೇ ಇಲ್ಲ. ಚೀಟಿ ಎತ್ತುವ ಖುಷಿಯೂ ಉಳಿಯುತ್ತೆ.

32 ಜನರಿಗೆ ಇದೇ ಪ್ರಶ್ನೆಯನ್ನು ಗಣಿತದವರು "ಸೋಷಿಯಲ್ ಗಾಲ್ಫರ್ ಪ್ರಾಬ್ಲಮ್" ಅಂತ ಕರೆಯುತ್ತಾರೆ. ಅಲ್ಲಿ ಹತ್ತು ಸುತ್ತಿನವರೆಗೆ ಯಾರೂ ಮರುಕಳಿಸದ ಪಟ್ಟಿ ಇದೆ. ಹನ್ನೊಂದು ಸುತ್ತು ಸಾಧ್ಯವೇ ಇಲ್ಲ: ಉಳಿದವರು 31, ಸುತ್ತಿಗೆ ಮೂವರಂತೆ ಹನ್ನೊಂದು ಸುತ್ತಿಗೆ 33 ಜನ ಬೇಕಾಗುತ್ತೆ.

ಹಸಿರಂಚು

ಪಟ್ಟಿ ಬರೆದು ತಾಳೆ ನೋಡಿದೆ, ಸರಿಯಿದೆ. ಎರಡು ಡಬ್ಬಿಯ ಮಾತು ವಾಪಸ್ ತಗೊಂಡೆ. ಆದರೆ ದರ್ಜೆ? 1ರಿಂದ 16 ನಂಬರನ್ನು ಚೀಟಿಯಲ್ಲೇ ಹಂಚಿದರೆ ಒಂದು ಗುಂಪಿನಲ್ಲಿ ನಾಲ್ವರೂ ಹೊಸಬರೇ ಬರಬಹುದಲ್ಲ?

ಲೆಕ್ಕದಪುಸ್ತಕ

ಅದಕ್ಕೂ ಇದೇ ಪಟ್ಟಿಯಲ್ಲಿ ದಾರಿ ಇದೆ. ನಂಬರ್ ಪೂರ್ತಿ ಚೀಟಿಯಲ್ಲಿ ಕೊಡಬೇಡಿ. ಅತಿ ಕಡಿಮೆ ಹ್ಯಾಂಡಿಕ್ಯಾಪಿನ ನಾಲ್ವರಿಗೆ 1ರಿಂದ 4 (ಎ ದರ್ಜೆ), ಮುಂದಿನವರಿಗೆ 5ರಿಂದ 8 (ಬಿ), 9ರಿಂದ 12 (ಸಿ), ಕೊನೆಯ ನಾಲ್ವರಿಗೆ 13ರಿಂದ 16 (ಡಿ). ದರ್ಜೆಯೊಳಗೆ ಯಾರಿಗೆ ಯಾವ ನಂಬರ್ ಅನ್ನೋದು ಚೀಟಿ. ಈಗ ಎರಡರಿಂದ ಐದನೇ ಸುತ್ತಿನವರೆಗೆ ಯಾವ ಗುಂಪನ್ನು ನೋಡಿದರೂ ಒಬ್ಬ ಎ, ಒಬ್ಬ ಬಿ, ಒಬ್ಬ ಸಿ, ಒಬ್ಬ ಡಿ ಇರುತ್ತಾರೆ. ಮೊದಲನೇ ಸುತ್ತು ಮಾತ್ರ ದರ್ಜೆವಾರು.

ಟೀಪೆಗ್

ಗುಂಪಿನೊಳಗಿನ ಡ್ರಾ ಬಗ್ಗೆ ಒಂದು ಮಾತು. ನಾಲ್ವರಲ್ಲಿ ಎರಡು ಜೋಡಿ ಮಾಡಲು ಇರೋದು ಮೂರೇ ದಾರಿ. ಎರಡು ಕೆಂಪು, ಎರಡು ಬಿಳಿ ಟೀ (ಚೆಂಡು ಇಡುವ ಮೊಳೆ) ತಗೊಂಡು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಿರಿ. ಒಬ್ಬೊಬ್ಬರು ಒಂದೊಂದು ಎಳೆದರೆ ಒಂದೇ ಬಣ್ಣದವರು ಜೋಡಿ. ಕಾಗದ ಬೇಡ, ಗಾಳಿಗೆ ಹಾರೋದಿಲ್ಲ. ಎಲ್ಲಾ ಟೀ ಒಂದೇ ಉದ್ದ ಇರಲಿ. ಗಿಡ್ಡ ಉದ್ದ ಬೆರೆತರೆ ಕೈಗೆ ಗೊತ್ತಾಗುತ್ತೆ.

ಆ ಮೂರೂ ದಾರಿಯನ್ನೂ ಒಂದೇ ದಿನ ಬಳಸುವ ಆಟವೂ ಇದೆ: 1ರಿಂದ 6ನೇ ಹೋಲ್‌ಗೆ ಒಂದು ಜೋಡಿ, 7ರಿಂದ 12ಕ್ಕೆ ಇನ್ನೊಂದು, 13ರಿಂದ 18ಕ್ಕೆ ಮೂರನೆಯದು. ಆರಾರು ಹೋಲಿನ ಮೂರು ಮ್ಯಾಚ್. ಜೊತೆಗಾರ ಚೆನ್ನಾಗಿ ಆಡಲಿಲ್ಲ ಅನ್ನೋ ಕೊರಗು ಆರು ಹೋಲಿಗೇ ಮುಗಿಯುತ್ತೆ. ಪರಿಚಯವಿಲ್ಲದವರನ್ನು ಸೇರಿಸಲು ಇದಕ್ಕಿಂತ ಒಳ್ಳೆ ಪದ್ಧತಿ ನನಗೆ ಕಂಡಿಲ್ಲ.

ಸ್ಟ್ರೋಕ್‌ಇಂಡೆಕ್ಸ್

ಡ್ರಾ ಎಷ್ಟೇ ಚೆನ್ನಾಗಿದ್ದರೂ ಹ್ಯಾಂಡಿಕ್ಯಾಪ್ ಹಂಚಿಕೆ ತಪ್ಪಿದರೆ ಎಲ್ಲಾ ಹಾಳು. ಚೀಟಿ ಜೋಡಿಯ ಟೂರ್ನಿಗಳಲ್ಲಿ ಹೆಚ್ಚು ಎಡವೋದು ಇಲ್ಲೇ: ಯಾವ ಫಾರ್ಮ್ಯಾಟ್ ಆದರೂ ಪೂರ್ತಿ ಹ್ಯಾಂಡಿಕ್ಯಾಪ್ ಕೊಟ್ಟುಬಿಡುತ್ತಾರೆ.

ಮೊದಲ ಹೆಜ್ಜೆ ಕೋರ್ಸ್ ಹ್ಯಾಂಡಿಕ್ಯಾಪ್. ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ 2020ರಲ್ಲಿ ಬಂತು. ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು (ಆಟಗಾರರ ಮಟ್ಟ ಹೇಳುವ ಸಂಖ್ಯೆ) ಸ್ಲೋಪ್ ರೇಟಿಂಗ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್‌ನಲ್ಲಿ ಪಾರ್ (ಪಳಗಿದವರಿಗೆ ಬೇಕಾಗುವ ನಿಗದಿತ ಹೊಡೆತಗಳ ಸಂಖ್ಯೆ) ಕಳೆದು ಬಂದದ್ದನ್ನು ಸೇರಿಸಬೇಕು. ಸ್ಲೋಪ್, ಕೋರ್ಸ್ ರೇಟಿಂಗ್ ಎರಡೂ ಕೋರ್ಸ್ ಎಷ್ಟು ಕಷ್ಟ ಅಂತ ಹೇಳುವ ಸಂಖ್ಯೆಗಳು. ಇಂಡೆಕ್ಸ್ 24.6, ಸ್ಲೋಪ್ 125, ಕೋರ್ಸ್ ರೇಟಿಂಗ್ 71.2, ಪಾರ್ 72 ಇದ್ದರೆ: 24.6 × 125 ÷ 113 = 27.21, ಅದರಿಂದ 0.8 ಕಳೆದರೆ 26.41. ಅಂದರೆ 26. ಬೇರೆ ಬೇರೆ ಟೀಗಳಿಂದ ಆಡುವವರಿದ್ದರೆ ಪ್ರತಿ ಟೀಗೂ ಸ್ಲೋಪ್, ರೇಟಿಂಗ್ ಬೇರೆ. ಒಂದೇ ಪಟ್ಟಿಯಿಂದ ಎಲ್ಲರಿಗೂ ತೆಗೆಯಬೇಡಿ.

ಎರಡನೇ ಹೆಜ್ಜೆ, ಫಾರ್ಮ್ಯಾಟ್‌ಗೆ ತಕ್ಕ ಪಾಲು. ಕೋರ್ಸ್ ಹ್ಯಾಂಡಿಕ್ಯಾಪ್ 8 ಮತ್ತು 28 ಇರುವ ಇಬ್ಬರು ಜೋಡಿಯಾದರು ಅಂದುಕೊಳ್ಳಿ.

ಫೋರ್‌ಬಾಲ್ ಸ್ಟ್ರೋಕ್ ಪ್ಲೇ ಅಥವಾ ಸ್ಟೇಬಲ್‌ಫೋರ್ಡ್: ಇಬ್ಬರೂ ತಮ್ಮ ತಮ್ಮ ಚೆಂಡು ಆಡಿ ಒಳ್ಳೆಯ ಸ್ಕೋರ್ ಲೆಕ್ಕಕ್ಕೆ (ಸ್ಟ್ರೋಕ್ ಪ್ಲೇ ಅಂದರೆ ಒಟ್ಟು ಹೊಡೆತ ಎಣಿಸೋದು, ಸ್ಟೇಬಲ್‌ಫೋರ್ಡ್ ಅಂದರೆ ಹೋಲಿಗೆ ಇಷ್ಟು ಪಾಯಿಂಟ್ ಅಂತ). ತಲಾ 85 ಶೇಕಡಾ. 6.8 ಅಂದರೆ 7, 23.8 ಅಂದರೆ 24.
ಫೋರ್‌ಸಮ್: ಇಬ್ಬರದೂ ಕೂಡಿಸಿ ಅರ್ಧ. 36ರ ಅರ್ಧ 18.
ಗ್ರೀನ್‌ಸಮ್: ಇಬ್ಬರೂ ಟೀ ಹೊಡೆದು, ಒಂದನ್ನು ಆರಿಸಿ, ಅಲ್ಲಿಂದ ಸರದಿ. ಕಡಿಮೆಯವರ 60, ಹೆಚ್ಚಿನವರ 40 ಶೇಕಡಾ. 4.8 + 11.2 = 16.
ಇಬ್ಬರ ಸ್ಕ್ರ್ಯಾಂಬಲ್: ಕಡಿಮೆಯವರ 35, ಹೆಚ್ಚಿನವರ 15 ಶೇಕಡಾ. 2.8 + 4.2 = 7.

ಅದೇ ಇಬ್ಬರು, ಆದರೆ ಫೋರ್‌ಸಮ್‌ನಲ್ಲಿ 18 ಸ್ಟ್ರೋಕ್, ಸ್ಕ್ರ್ಯಾಂಬಲ್‌ನಲ್ಲಿ 7. ಕಾರಣ ಇಷ್ಟೇ: ಸ್ಕ್ರ್ಯಾಂಬಲ್‌ನಲ್ಲಿ ಪ್ರತಿ ಹೊಡೆತಕ್ಕೂ ಎರಡು ಅವಕಾಶ, ಒಳ್ಳೆಯದನ್ನು ಆರಿಸಿಕೊಳ್ಳಬಹುದು. ಫೋರ್‌ಸಮ್‌ನಲ್ಲಿ ಒಂದೇ ಚೆಂಡು, ಜೊತೆಗಾರ ಎಲ್ಲಿ ಬಿಟ್ಟರೋ ಅಲ್ಲಿಂದಲೇ ಹೊಡೆಯಬೇಕು. ನಾಲ್ವರ ಸ್ಕ್ರ್ಯಾಂಬಲ್ ಆದರೆ ಕಡಿಮೆಯಿಂದ ಹೆಚ್ಚಿಗೆ 25, 20, 15, 10 ಶೇಕಡಾ.

ಟೀಪೆಗ್ ಹೇಳಿದ ಆರು ಹೋಲಿನ ಮ್ಯಾಚ್ ಆಡುವುದಾದರೆ ಅದು ಫೋರ್‌ಬಾಲ್ ಮ್ಯಾಚ್ ಪ್ಲೇ (ಯಾರು ಎಷ್ಟು ಹೋಲ್ ಗೆದ್ದರು ಅನ್ನೋ ಲೆಕ್ಕ), ಪಾಲು 90 ಶೇಕಡಾ. ಆಮೇಲೆ ನಾಲ್ವರಲ್ಲಿ ಅತಿ ಕಡಿಮೆಯವರನ್ನು ಸೊನ್ನೆ ಮಾಡಿ ಉಳಿದವರಿಗೆ ವ್ಯತ್ಯಾಸ ಕೊಡಿ. 6, 14, 20, 30 ಇದ್ದರೆ 90 ಶೇಕಡಾಕ್ಕೆ 5, 13, 18, 27. ಹಾಗಾಗಿ 0, 8, 13, 22. ಮೊದಲೇ ಕಾರ್ಡಿನ ಮೇಲೆ ಸ್ಟ್ರೋಕ್ ಸಿಗುವ ಹೋಲುಗಳಿಗೆ ಚುಕ್ಕೆ ಇಟ್ಟುಬಿಡಿ. ಆರು ಹೋಲಿನ ತುಂಡುಗಳಲ್ಲಿ ಕಷ್ಟದ ಹೋಲುಗಳು ಸಮನಾಗಿ ಹಂಚಿಹೋಗಿರೋದಿಲ್ಲ. ಒಂದು ತುಂಡಿನಲ್ಲಿ ಎರಡು ಸ್ಟ್ರೋಕ್, ಇನ್ನೊಂದರಲ್ಲಿ ನಾಲ್ಕು ಬರಬಹುದು. ಇದು ಆಡುವಾಗ ಗೊತ್ತಾದರೆ ಮುನಿಸು, ಮೊದಲೇ ಗೊತ್ತಿದ್ದರೆ ಆಟದ ಭಾಗ.

ಮರಳುಗುಂಡಿ

ಫಾರ್ಮ್ಯಾಟ್ ಆರಿಸುವಾಗ ಚೀಟಿಯಲ್ಲಿ ಸಿಕ್ಕ ಅಪರಿಚಿತರು ಅನ್ನೋದನ್ನು ಮರೆಯಬೇಡಿ. ಫೋರ್‌ಸಮ್ ತುಂಬಾ ಚೆಂದದ ಆಟ, ಆದರೆ ಹೊಸಬರಿಗೆ ಅದರಷ್ಟು ಮುಜುಗರ ತರುವ ಆಟ ಇನ್ನೊಂದಿಲ್ಲ. ತಾವು ಕೆಟ್ಟದಾಗಿ ಹೊಡೆದ ಚೆಂಡನ್ನು ಮರಗಳ ಮಧ್ಯದಿಂದ ಜೊತೆಗಾರ ತೆಗೆಯಬೇಕು. ಪ್ರತಿ ಹೊಡೆತಕ್ಕೂ "ಸಾರಿ" ಹೇಳುತ್ತಾ ಹೋಗುತ್ತಾರೆ.

ಆಡಲೇಬೇಕು ಅಂದರೆ ಈ ನಿಯಮಗಳನ್ನು ಮೊದಲೇ ಓದಿ ಹೇಳಿ. ಒಬ್ಬರು ಬೆಸ ಸಂಖ್ಯೆಯ ಹೋಲುಗಳಲ್ಲಿ ಟೀ ಹೊಡೆತ, ಇನ್ನೊಬ್ಬರು ಸಮ ಸಂಖ್ಯೆಯವುಗಳಲ್ಲಿ. ಹಿಂದಿನ ಹೋಲಿನಲ್ಲಿ ಕೊನೇ ಪಟ್ ಯಾರು ಹಾಕಿದರು ಅನ್ನೋದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆನಾಲ್ಟಿ ಸ್ಟ್ರೋಕ್ ಬಿದ್ದರೆ ಸರದಿ ಬದಲಾಗೋದಿಲ್ಲ: ಎ ಹೊಡೆದು ನೀರಿಗೆ ಬಿತ್ತು, ಡ್ರಾಪ್ ಮಾಡಿ ಹೊಡೆಯೋದು ಬಿ. ಟೀ ಹೊಡೆತ ಕಳೆದುಹೋಗಿರಬಹುದು ಅನ್ನಿಸಿ ಪ್ರೊವಿಷನಲ್ (ಮುನ್ನೆಚ್ಚರಿಕೆಯ ಇನ್ನೊಂದು ಚೆಂಡು) ಹೊಡೆಯುವುದಾದರೆ ಅದನ್ನು ಹೊಡೆಯಬೇಕಾದ್ದು ಜೊತೆಗಾರ, ಮೊದಲು ಹೊಡೆದವರಲ್ಲ. ಇಲ್ಲೇ ಎಲ್ಲರೂ ತಪ್ಪೋದು. ಸರದಿ ತಪ್ಪಿ ಹೊಡೆದರೆ ಸ್ಟ್ರೋಕ್ ಪ್ಲೇಯಲ್ಲಿ ಎರಡು ಪೆನಾಲ್ಟಿ, ಜೊತೆಗೆ ಆ ತಪ್ಪನ್ನು ಸರಿಪಡಿಸಲೇಬೇಕು.

ನನ್ನ ಸಲಹೆ ಗ್ರೀನ್‌ಸಮ್. ಇಬ್ಬರೂ ಟೀ ಹೊಡೆಯುತ್ತಾರೆ, ಒಂದನ್ನು ಆರಿಸುತ್ತಾರೆ, ಯಾರ ಟೀ ಹೊಡೆತ ಬೇಡವಾಯಿತೋ ಅವರು ಎರಡನೇ ಹೊಡೆತ, ಅಲ್ಲಿಂದ ಸರದಿ. ಎಲ್ಲರೂ 18 ಸಲ ಡ್ರೈವ್ ಮಾಡುತ್ತಾರೆ, ಆದರೆ ಟೀ ದಾಟಿದ ಮೇಲೆ ಗುಂಪಿಗೆ ಎರಡೇ ಚೆಂಡು. ವೇಗವಾಗಿ ಸಾಗುತ್ತೆ.

ಆರಿಸುವಾಗ ದೂರ ಹೋದದ್ದನ್ನೇ ತಗೋಬೇಕಿಲ್ಲ. 400 ಮೀಟರಿನ ಪಾರ್ 4ರಲ್ಲಿ 8ರವರ ಡ್ರೈವ್ 230 ಮೀಟರ್ ಹೋಗಿ ಫೇರ್‌ವೇಯಲ್ಲಿದೆ, 28ರವರದು 170 ಹೋಗಿ ಅದೂ ಫೇರ್‌ವೇಯಲ್ಲೇ. ದೂರದ್ದನ್ನು ತಗೊಂಡರೆ ಉಳಿದ 170 ಮೀಟರನ್ನು 28ರವರು ಹೊಡೆಯಬೇಕು. ಹತ್ತಿರದ್ದನ್ನು ತಗೊಂಡರೆ 8ರವರು 230ರಿಂದ ಗ್ರೀನ್ (ಗುಳಿ ಇರುವ ಜಾಗ) ಮುಂದಕ್ಕೆ ತಂದಿಡುತ್ತಾರೆ, 28ರವರಿಗೆ ಸಣ್ಣ ಚಿಪ್. ಹೊಸಬರಿಗೆ ಯಾವ ಹೊಡೆತ ಉಳಿಯುತ್ತೆ ಅನ್ನೋದನ್ನು ನೋಡಿ ಆರಿಸಬೇಕು. ಆ ಮಾತುಕತೆಯಲ್ಲೇ ಜೋಡಿ ಜೋಡಿಯಾಗೋದು.

ಸೆವೆನ್‌ಐರನ್

ಮರಳುಗುಂಡಿ ಅವರ ಮಾತು ಒಪ್ಪಿದೆ. ಆದರೆ ಫೋರ್‌ಬಾಲ್ ಸ್ಟೇಬಲ್‌ಫೋರ್ಡನ್ನು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲವಲ್ಲ. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಈ ಪಾಯಿಂಟ್ ಪದ್ಧತಿಯನ್ನು 1932ರಲ್ಲಿ ಇಂಗ್ಲೆಂಡಿನ ವಾಲಸೀಯಲ್ಲಿ ಆಡಿಸಿದ್ದೇ ಒಂದು ಕೆಟ್ಟ ಹೋಲಿನಿಂದ ಇಡೀ ಸುತ್ತು ಹಾಳಾಗಬಾರದು ಅಂತ. ನೆಟ್ (ಸಿಕ್ಕ ಸ್ಟ್ರೋಕ್ ಕಳೆದ ಮೇಲಿನ ಸ್ಕೋರ್) ಬೋಗಿಗೆ (ಪಾರ್‌ಗಿಂತ ಒಂದು ಹೆಚ್ಚು) 1, ಪಾರ್‌ಗೆ 2, ಬರ್ಡಿಗೆ (ಒಂದು ಕಡಿಮೆ) 3, ಎರಡು ಕಡಿಮೆಯ ಈಗಲ್‌ಗೆ 4. ಬೋಗಿಗಿಂತ ಕೆಟ್ಟದ್ದು ಸೊನ್ನೆ, ಚೆಂಡು ಎತ್ತಿಕೊಳ್ಳಿ. ಎಲ್ಲರೂ ತಮ್ಮದೇ ಚೆಂಡು ಆಡುತ್ತಾರೆ, ಜೋಡಿಯಲ್ಲಿ ಒಳ್ಳೆಯದು ಲೆಕ್ಕಕ್ಕೆ.

ಒಂದು ಹೋಲ್ ಹತ್ತಿರದಿಂದ ನೋಡಿ. ಪಾರ್ 4, ಸ್ಟ್ರೋಕ್ ಇಂಡೆಕ್ಸ್ 4 (ಹೋಲುಗಳ ಕಷ್ಟದ ಕ್ರಮಸಂಖ್ಯೆ, ಸ್ಟ್ರೋಕ್ ಸಿಗೋದು 1ರಿಂದ ಈ ಕ್ರಮದಲ್ಲೇ). ಮೇಲಿನ ಅದೇ ಜೋಡಿ, 7 ಮತ್ತು 24 ಸ್ಟ್ರೋಕ್. 7ರವರಿಗೆ ಇಲ್ಲಿ ಒಂದು ಸ್ಟ್ರೋಕ್. 24ರವರಿಗೆ ಎಲ್ಲಾ ಹೋಲಲ್ಲೂ ಒಂದು, ಇಂಡೆಕ್ಸ್ 1ರಿಂದ 6ರವರೆಗೆ ಇನ್ನೊಂದು, ಹಾಗಾಗಿ ಇಲ್ಲಿ ಎರಡು. ಪಳಗಿದವರು ಎರಡರಲ್ಲಿ ಗ್ರೀನ್ ಸೇರಿ ಆರು ಮೀಟರ್ ದೂರದಲ್ಲಿದ್ದಾರೆ. ಹೊಸಬರು ನಾಲ್ಕು ಹೊಡೆದು ಒಂದು ಮೀಟರ್ ದೂರದಲ್ಲಿ. ಮೊದಲು ಯಾರು ಪಟ್ ಹಾಕಬೇಕು? ದೂರದವರು ಅಂತ ರೂಢಿ. ಆದರೆ ಫೋರ್‌ಬಾಲ್‌ನಲ್ಲಿ ಜೋಡಿ ತನಗೆ ಅನುಕೂಲವಾದ ಸರದಿಯಲ್ಲಿ ಆಡಬಹುದು, ನಿಯಮ 23ರಲ್ಲೇ ಇದೆ. ಹೊಸಬರು ಮೊದಲು ಹಾಕಲಿ. ಬಿದ್ದರೆ 5, ನೆಟ್ 3, ಮೂರು ಪಾಯಿಂಟ್ ಕೈಯಲ್ಲಿದ್ದ ಹಾಗೆ. ಆಮೇಲೆ ಪಳಗಿದವರು ಹೋಲ್ ದಾಟಿ ಹೋದರೂ ಪರವಾಗಿಲ್ಲ ಅಂತ ಧೈರ್ಯವಾಗಿ ಹೊಡೆಯಬಹುದು. ಬಿದ್ದರೆ 3, ನೆಟ್ 2, ನಾಲ್ಕು ಪಾಯಿಂಟ್. 28ರ ಆಟಗಾರರ ಒಂದು ಮೀಟರಿನ ಪಟ್‌ಗೆ ಇಷ್ಟು ಬೆಲೆ ಬೇರೆ ಯಾವ ಆಟದಲ್ಲೂ ಇಲ್ಲ.

ಬೆಳಗಿನಮಂಜು

ಎಲ್ಲರಿಗೂ ಧನ್ಯವಾದ. ಪಟ್ಟಿ ಹಾಗೇ ತಗೋತೀವಿ. ಆಟ ಮುಗಿದ ಮೇಲೆ ಜೋಡಿ ಎತ್ತೋ ಪದ್ಧತಿಯೂ ಇದೆಯಂತಲ್ಲ, ಬ್ಲೈಂಡ್ ಡ್ರಾ? ಅದು ಒಳ್ಳೆಯದಾ? ಇನ್ನು ಹ್ಯಾಂಡಿಕ್ಯಾಪೇ ಇಲ್ಲದ ಇಬ್ಬರಿದ್ದಾರೆ.

ಹಸಿರಂಚು

ಬ್ಲೈಂಡ್ ಡ್ರಾದಲ್ಲಿ ಎಲ್ಲರೂ ತಮ್ಮ ತಮ್ಮ ಚೆಂಡು ಆಡಿ ಕಾರ್ಡ್ ಕೊಟ್ಟ ಮೇಲೆ ಹೆಸರು ಎತ್ತಿ ಪಾಯಿಂಟ್ ಕೂಡಿಸೋದು. ಕೊನೇ ಹೋಲಿನವರೆಗೂ ಯಾರೂ ಕೈಬಿಡೋದಿಲ್ಲ, ಯಾಕೆಂದರೆ ತಮ್ಮ ಪಾಯಿಂಟ್ ಯಾರಿಗೆ ಬೇಕಾಗುತ್ತೋ ಗೊತ್ತಿಲ್ಲ. ಜೊತೆಗಾರರ ಮೇಲೆ ಒತ್ತಡವೂ ಇಲ್ಲ. ಆದರೆ ಜೊತೆಯಾಗಿ ಆಡಿದ ಅನುಭವವೇ ಇರೋದಿಲ್ಲ. ಒಂದು ಸುತ್ತಿಗೆ ಇಟ್ಟುಕೊಳ್ಳಿ, ಐದಕ್ಕೂ ಬೇಡ. ನಿಮ್ಮ ಮೊದಲನೇ ಸುತ್ತು ದರ್ಜೆವಾರು ಇದೆಯಲ್ಲ, ಅದಕ್ಕೆ ಹೇಳಿಮಾಡಿಸಿದ್ದು: ಡಿ ದರ್ಜೆಯ ನಾಲ್ವರು ಒಟ್ಟಿಗೆ ಆಡಿದರೂ ಜೋಡಿ ಬೇರೆ ದರ್ಜೆಯವರ ಜೊತೆ ಬರಬಹುದು. ಇಬ್ಬರ ಪಾಯಿಂಟನ್ನೂ ಕೂಡಿಸುವುದಾದರೆ ಪೂರ್ತಿ ಹ್ಯಾಂಡಿಕ್ಯಾಪ್ ಕೊಡಿ. ಒಳ್ಳೆಯದನ್ನು ಮಾತ್ರ ಆರಿಸುವ ಲಾಭ ಇಲ್ಲಿ ಇಲ್ಲ.

ಒಂದು ಎಚ್ಚರಿಕೆ. ಹೀಗೆ ಬಂದ ಜೋಡಿ ಮುಂದಿನ ಸುತ್ತುಗಳ ಟೀ ಡ್ರಾದಲ್ಲಿ ಮತ್ತೆ ಬರಬಹುದು. ಅದು ಬೇಡವಾದರೆ ಮೊದಲನೇ ಸುತ್ತಿನ ಜೋಡಿಯನ್ನೂ ಅವರವರ ಗುಂಪಿನೊಳಗೇ ಎತ್ತಿ.

ಸ್ಟ್ರೋಕ್‌ಇಂಡೆಕ್ಸ್

ಹ್ಯಾಂಡಿಕ್ಯಾಪ್ ಇಲ್ಲದವರಿಗೆ ಆ ದಿನಕ್ಕಷ್ಟೇ ಒಂದನ್ನು ತೆಗೆಯಲು ನ್ಯೂ ಪಿಯೋರಿಯಾ ಪದ್ಧತಿ ಇದೆ. ಆಯೋಜಕರು ಒಟ್ಟು ಪಾರ್ 48 ಬರುವ 12 ಹೋಲುಗಳನ್ನು ಗುಟ್ಟಾಗಿ ಆರಿಸಿ ಲಕೋಟೆಯಲ್ಲಿಡಬೇಕು. ಆಟ ಮುಗಿದ ಮೇಲೆ ಆ 12ರ ಸ್ಕೋರ್ ಕೂಡಿಸಿ ಒಂದೂವರೆಯಿಂದ ಗುಣಿಸಿ, 72 ಕಳೆದು, 0.8ರಿಂದ ಗುಣಿಸೋದು. 66 ಬಂದಿದ್ದರೆ 99, ಅದರಲ್ಲಿ 72 ಹೋದರೆ 27, ಅದರ 0.8 ಅಂದರೆ 21.6. ಇದು ಆಟ ಮುಗಿದ ಮೇಲೆ ಮಾತ್ರ ಸಿಗುವ ಸಂಖ್ಯೆ, ಎಲ್ಲಾ ಹೋಲುಗಳನ್ನೂ ಪೂರ್ತಿ ಆಡಿರಬೇಕು. ಹಾಗಾಗಿ ಚೆಂಡು ಎತ್ತಿಕೊಳ್ಳುವ ಆಟಕ್ಕೂ ಆಗೋದಿಲ್ಲ, ಗ್ರೀನ್‌ಸಮ್‌ಗೂ ಆಗೋದಿಲ್ಲ. ಮೊದಲನೇ ಸುತ್ತು ಆ ಇಬ್ಬರು ಎಲ್ಲಾ ಹೋಲೂ ಮುಗಿಸಲಿ, ಬಂದ ಸಂಖ್ಯೆಯಿಂದ ಎರಡನೇ ಸುತ್ತು ಶುರುಮಾಡಿ, ಪ್ರತಿ ಸುತ್ತಿನ ನಂತರ ನೋಡಿ ತಿದ್ದಿ.

ಟೀಪೆಗ್

ಯಾರಾದರೂ ಬರದಿದ್ದರೆ ಏನು ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಫೋರ್‌ಬಾಲ್ ಆದರೆ ಚಿಂತೆಯೇ ಇಲ್ಲ. ನಿಯಮದ ಪ್ರಕಾರ ಜೋಡಿಯಲ್ಲಿ ಒಬ್ಬರೇ ಇದ್ದರೂ ಆಡಬಹುದು, ತಡವಾಗಿ ಬಂದವರು ಮುಂದಿನ ಹೋಲ್ ಶುರುವಾಗುವಾಗ ಸೇರಿಕೊಳ್ಳಬಹುದು. ನಡೆಯುತ್ತಿರುವ ಹೋಲಿನ ಮಧ್ಯೆ ಮಾತ್ರ ಬರುವ ಹಾಗಿಲ್ಲ. ಗ್ರೀನ್‌ಸಮ್, ಫೋರ್‌ಸಮ್‌ನಲ್ಲಿ ಒಬ್ಬರಿಲ್ಲದಿದ್ದರೆ ಜೋಡಿಯೇ ಇಲ್ಲ.

ಪೂರ್ತಿ ಬರದೇ ಇದ್ದವರ ಜಾಗಕ್ಕೆ ಕೆಲವರು "ಪ್ರತಿ ಹೋಲಿಗೂ ಪಾರ್ ಆಡುವ ಕಾಲ್ಪನಿಕ ಜೊತೆಗಾರ" ಅಂತ ಇಡುತ್ತಾರೆ. ದಯವಿಟ್ಟು ಬೇಡ. ಪ್ರತಿ ಹೋಲಿಗೂ ಎರಡು ಪಾಯಿಂಟ್ ಖಾತ್ರಿ ಅಂದರೆ 36ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ, ಆಡುವವರ ಬೋಗಿ ಯಾವುದೂ ತಾಗೋದಿಲ್ಲ, ಬರ್ಡಿಗಳು ಮಾತ್ರ ಸೇರುತ್ತಾ ಹೋಗುತ್ತವೆ. ಒಂಟಿಯಾದವರೇ ಗೆದ್ದುಬಿಡುತ್ತಾರೆ. ಅದರ ಬದಲು ಎಲ್ಲಾ ಕಾರ್ಡ್ ಬಂದ ಮೇಲೆ ಬೇರೆ ಗುಂಪಿನ ಒಂದು ಕಾರ್ಡನ್ನು ಚೀಟಿಯಲ್ಲಿ ಎತ್ತಿ, ಹೋಲ್ ಹೋಲಿಗೆ ಹೊಂದಿಸಿ ಜೊತೆಗಾರರ ಸ್ಕೋರ್ ಅಂತ ತಗೊಳ್ಳಿ. ಯಾರ ಕಾರ್ಡ್ ಬರುತ್ತೆ ಅಂತ ಆಡುವಾಗ ಗೊತ್ತಿರಬಾರದು. ಇದಕ್ಕೆ ಎಲ್ಲರ ಸ್ವಂತ ಸ್ಕೋರ್ ಬೇಕು, ಹಾಗಾಗಿ ಗ್ರೀನ್‌ಸಮ್ ದಿನ ಮೂವರಾದರೆ ಆ ಗುಂಪು ಫೋರ್‌ಬಾಲ್ ಆಡಿ ಬೇರೆ ಲೆಕ್ಕದಲ್ಲಿರಲಿ. ಎಳೆದಾಡಿ ಹೊಂದಿಸಬೇಡಿ.

ಸೆವೆನ್‌ಐರನ್

ಸ್ಕ್ರ್ಯಾಂಬಲ್ ಇಡುವ ಯೋಚನೆ ಇದ್ದರೆ ಒಂದು ನಿಯಮ ಸೇರಿಸಿ: ಪ್ರತಿಯೊಬ್ಬರ ಡ್ರೈವ್ ಕನಿಷ್ಠ ಇಷ್ಟು ಸಲ ಬಳಸಲೇಬೇಕು. ಇಬ್ಬರ ಜೋಡಿಗೆ ತಲಾ ಆರು ಸಾಕು. ಇಲ್ಲದಿದ್ದರೆ ಹೊಸಬರ ಚೆಂಡು ಇಡೀ ದಿನ ಎತ್ತಿಕೊಳ್ಳೋದೇ ಆಗುತ್ತೆ. ಆರಕ್ಕಿಂತ ಹೆಚ್ಚಿಟ್ಟರೆ ಕೊನೇ ನಾಲ್ಕು ಹೋಲಿನಲ್ಲಿ ಹೊಸಬರ ಡ್ರೈವೇ ಬೇಕಾಗಿ ಅವರ ಕೈ ನಡುಗುತ್ತೆ. ಪಾರ್ 3 ಹೋಲುಗಳನ್ನೂ ಎಣಿಕೆಗೆ ಸೇರಿಸಿ. ಅವರ ಒಳ್ಳೆ ಟೀ ಹೊಡೆತ ಹೆಚ್ಚಾಗಿ ಬರೋದು ಅಲ್ಲೇ. ಕಾರ್ಡಿನಲ್ಲಿ ಪ್ರತಿ ಹೋಲಿನ ಪಕ್ಕ ಯಾರ ಡ್ರೈವ್ ಅಂತ ಮೊದಲಕ್ಷರ ಬರೆಯುತ್ತಾ ಹೋಗಿ, ನೆನಪಿನಿಂದ ಆಗೋದಿಲ್ಲ.

ಮರಳುಗುಂಡಿ

ಸಮಯದ ಬಗ್ಗೆ. ನಾಲ್ಕೇ ಗುಂಪಿಗೆ ಶಾಟ್‌ಗನ್ ಸ್ಟಾರ್ಟ್ (ಎಲ್ಲಾ ಗುಂಪೂ ಬೇರೆ ಬೇರೆ ಹೋಲಿನಿಂದ ಒಂದೇ ಸಲ ಶುರು) ಬೇಡ, ಒಂದನೇ ಟೀಯಿಂದ ಹತ್ತು ನಿಮಿಷಕ್ಕೊಂದು ಗುಂಪು ಬಿಡಿ. ಆದರೆ ಡ್ರಾ ಅಲ್ಲೇ ಟೀ ಮೇಲೆ ಮಾಡೋದರಿಂದ ಗುಂಪು ತನ್ನ ಸಮಯಕ್ಕೆ ಹದಿನೈದು ನಿಮಿಷ ಮೊದಲೇ ಸೇರಬೇಕು. ಜೋಡಿ ಗೊತ್ತಾಗಿ, ಪಾಲು ಲೆಕ್ಕ ಹಾಕಿ, ಕಾರ್ಡ್ ಬರೆಯಲು ಐದು ನಿಮಿಷವಾದರೂ ಬೇಕು. ಹೊಡೆಯುವ ಸಮಯದಲ್ಲಿ ಗುಣಾಕಾರ ಮಾಡುತ್ತಾ ನಿಂತರೆ ದಿನವೆಲ್ಲಾ ತಡ. ಗುಂಪಿನ ನಾಲ್ವರಿಂದ ಆಗಬಹುದಾದ ಆರೂ ಜೋಡಿಗಳ ಪಾಲನ್ನು ಹಿಂದಿನ ದಿನವೇ ಬರೆದಿಟ್ಟರೆ ಟೀ ಮೇಲೆ ಲೆಕ್ಕವೇ ಇಲ್ಲ.

ಚೆಂಡು ಹುಡುಕಲು ಮೂರು ನಿಮಿಷ, ಅಷ್ಟೇ. 2019ರ ನಿಯಮ. ತಯಾರಿದ್ದವರು ಹೊಡೆಯಲಿ.

ಇನ್ನೊಂದು, ಟೀ ಮೇಲೆ ಜೊತೆಗಾರರಿಗೆ ಕೇಳಬೇಕಾದ್ದು ಎರಡೇ ಪ್ರಶ್ನೆ: "ಡ್ರೈವರ್ ಎಷ್ಟು ದೂರ, ಯಾವ ಕಡೆ ಬಾಗುತ್ತೆ?" "ಸಲಹೆ ಬೇಕಾ, ಬೇಡವಾ?" ನಿಯಮ ಜೊತೆಗಾರರಿಗೆ ಸಲಹೆ ಕೊಡಲು ಬಿಡುತ್ತೆ, ಎದುರಾಳಿಗೆ ಬಿಡೋದಿಲ್ಲ. ಆದರೆ ಕೇಳದೇ ಸ್ವಿಂಗ್ ತಿದ್ದಲು ಹೋದರೆ ಒಂಬತ್ತನೇ ಹೋಲಿನಷ್ಟರಲ್ಲಿ ಮಾತು ನಿಲ್ಲುತ್ತೆ. ಗಾಳಿ, ದೂರ, ಗ್ರೀನ್ ಯಾವ ಕಡೆ ಇಳಿಜಾರು, ಇಷ್ಟು ಹೇಳಿ. ಮೊಣಕೈ ಬಗ್ಗೆ ಹೇಳಬೇಡಿ.

ಬೆಳಗಿನಮಂಜು

ಹೀಗೆ ನಿಗದಿ ಮಾಡಿದ್ದೀವಿ. ಸುತ್ತು 1 ಸ್ಟೇಬಲ್‌ಫೋರ್ಡ್, ಜೋಡಿ ಆಮೇಲೆ ಗುಂಪಿನೊಳಗೇ ಎತ್ತೋದು. 2 ಮತ್ತು 4 ಫೋರ್‌ಬಾಲ್ ಸ್ಟೇಬಲ್‌ಫೋರ್ಡ್, 3 ಮತ್ತು 5 ಗ್ರೀನ್‌ಸಮ್ ಸ್ಟೇಬಲ್‌ಫೋರ್ಡ್. ಟೈ ಆದರೆ ಕ್ರಮವಾಗಿ ಕೊನೇ ಒಂಬತ್ತು, ಆರು, ಮೂರು, ಒಂದು ಹೋಲಿನ ಪಾಯಿಂಟ್ ನೋಡೋದು. ಮೂರನೇ ಸುತ್ತಿನ ಪಾಲು ಬರೆಯಲು ಕೂತೆ. ಒಂದು ಜೋಡಿಗೆ 12 ಮತ್ತು 31. 12ರ 60 ಶೇಕಡಾ 7.2, ಅಂದರೆ 7. 31ರ 40 ಶೇಕಡಾ 12.4, ಅಂದರೆ 12. ಒಟ್ಟು 19. ಸರಿ ತಾನೇ?

ಸ್ಟ್ರೋಕ್‌ಇಂಡೆಕ್ಸ್

ಇಲ್ಲ ಸರ್, 20. ಪೂರ್ಣಾಂಕ ಮಾಡೋದು ಕೊನೆಯಲ್ಲಿ ಒಂದೇ ಸಲ. 7.2 + 12.4 = 19.6, ಹಾಗಾಗಿ 20. ಬಿಡಿಬಿಡಿಯಾಗಿ ದಶಾಂಶ ಕತ್ತರಿಸಿದ್ದಕ್ಕೆ ಆ ಜೋಡಿಗೆ ಒಂದು ಸ್ಟ್ರೋಕ್ ಹೋಯಿತು. 20 ಅಂದರೆ ಎಲ್ಲಾ ಹೋಲಿಗೂ ಒಂದು, ಇಂಡೆಕ್ಸ್ 1 ಮತ್ತು 2ರಲ್ಲಿ ಎರಡೆರಡು. ನಿಮ್ಮ ಲೆಕ್ಕದಲ್ಲಿ ಇಂಡೆಕ್ಸ್ 2ರ ಹೋಲಿನಲ್ಲಿ ಅವರಿಗೆ ಸಿಗಬೇಕಾದ ಎರಡನೇ ಸ್ಟ್ರೋಕ್ ಸಿಗುತ್ತಿರಲಿಲ್ಲ. ಕೋರ್ಸ್ ಹ್ಯಾಂಡಿಕ್ಯಾಪ್ ಕೂಡ 12, 31 ಅಂತ ಮೊದಲೇ ದುಂಡಾಗಿಸಿದ್ದರೆ ಮೂಲ ದಶಾಂಶಕ್ಕೆ ಹೋಗಿ ಅಲ್ಲಿಂದ ಲೆಕ್ಕ ಹಾಕಿ. ಉಳಿದ ಜೋಡಿಗಳನ್ನೂ ಇದೇ ರೀತಿ ಮತ್ತೊಮ್ಮೆ ನೋಡಿ. ಅವುಗಳಲ್ಲೂ ಒಂದೆರಡು ಬದಲಾಗಬಹುದು.

ಬೆಳಗಿನಮಂಜು

ನೋಡಿದೆ. ಇನ್ನೂ ಎರಡು ಜೋಡಿಗೆ ಒಂದೊಂದು ಸ್ಟ್ರೋಕ್ ಕಡಿಮೆ ಬರೆದಿದ್ದೆ. ತಿದ್ದಿದ ಹಾಳೆಯನ್ನೇ ಎಲ್ಲರಿಗೂ ಕಳಿಸ್ತೀನಿ.